ಎಣ್ಣೆ ಹೀರಿದ ಹಳೆಯ ದಾಖಲೆಗಳು: ಕಾಗದ ಸಂರಕ್ಷಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ವಿರಾಜಪೇಟೆ ಕಡೆಯ ಸದಸ್ಯರು): ನಮಸ್ಕಾರ. ನಮ್ಮ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ತೂಗುದೀಪ ಹಚ್ಚುವ ನಡುಮನೆಯಲ್ಲಿ, ಇದ್ದ ಮರದ ಪೆಟ್ಟಿಗೆಯಲ್ಲಿ ಜಮ್ಮಾ ಭೂಮಿಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ಹಳೆಯ ಕಂದಾಯ ರಸೀದಿಗಳೂ 1932ರ ಒಂದು ಕ್ರಯಪತ್ರವೂ ದೊರೆತಿವೆ. ತೂಗುದೀಪದ ತೆಂಗಿನೆಣ್ಣೆ ಪೆಟ್ಟಿಗೆಯೊಳಗೆ ಇಳಿದು ಕ್ರಯಪತ್ರದ ಮೂರನೇ ಒಂದು ಭಾಗ ಪಾರದರ್ಶಕವಾಗಿದೆ. ಟಾಲ್ಕಂ ಪೌಡರ್ ಉದುರಿಸಿ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಎಣ್ಣೆ ಬಿಡುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಬೇಡಿ. ಶಾಖಕ್ಕೆ ಕರಗಿದ ಎಣ್ಣೆ ಪುಡಿಯತ್ತ ಸ್ವಲ್ಪ ಬರುವುದು ನಿಜವಾದರೂ, ಅದಕ್ಕಿಂತ ಹೆಚ್ಚು ಪಾಲು ಈವರೆಗೆ ಶುದ್ಧವಾಗಿದ್ದ ಭಾಗಕ್ಕೆ ಹರಡುತ್ತದೆ, ಪುಡಿ ನಾರುಗಳ ನಡುವೆ ಸಿಲುಕಿಕೊಳ್ಳುತ್ತದೆ, ಮತ್ತು ಹಳೆಯ ಕಾಗದ ಇನ್ನಷ್ಟು ಪೆಡಸಾಗುತ್ತದೆ.

ಕಾಗದ ಬೆಳ್ಳಗೆ ಕಾಣುವುದು ನಾರುಗಳ ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ. ಆ ಗಾಳಿಯ ಜಾಗವನ್ನು ಎಣ್ಣೆ ತುಂಬಿದಾಗ ಬೆಳಕು ಚದುರದೆ ದಾಟಿಹೋಗುತ್ತದೆ. ಹಾಗಾಗಿ ನಿಮ್ಮ ಪತ್ರ ಪಾರದರ್ಶಕವಾಗಿದೆಯೇ ಹೊರತು ಅಕ್ಷರಗಳು ಅಳಿದಿಲ್ಲ. ಇನ್ನೊಂದು ಸಮಾಧಾನದ ಸಂಗತಿಯೆಂದರೆ, ಅಗಸೆ ಎಣ್ಣೆ ಗಾಳಿಗೆ ಒಣಗಿ ಕಂದು ಪದರವಾಗಿ ಗಟ್ಟಿಯಾಗಿ ಕೊನೆಗೆ ಯಾವ ದ್ರಾವಕಕ್ಕೂ ಸುಲಭವಾಗಿ ಬಗ್ಗದಂತಾಗುತ್ತದೆ, ತೆಂಗಿನೆಣ್ಣೆ ಹಾಗೆ ಒಣಗುವುದಿಲ್ಲ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕೊಡಗಿನ ಚಳಿಗಾಲದ ಬೆಳಗು ಇದಕ್ಕೆ ಅನುಕೂಲ: ಮೇಲ್ಮೈಯಲ್ಲಿ ಎಣ್ಣೆಯ ಪೊರೆ ನಿಂತಿದ್ದರೆ, ಅದು ಗಟ್ಟಿಯಾಗಿರುವಾಗಲೇ ಮೊಂಡು ಅಂಚಿನ ಹಲಗೆಯಿಂದ ಮೆಲ್ಲಗೆ ಎತ್ತಬಹುದು.

ಮೊದಲು ಎರಡೂ ಬದಿಗಳ ಛಾಯಾಚಿತ್ರ ತೆಗೆಯಿರಿ. ಒಂದೇ ಬದಿಯಲ್ಲಿ ಬರೆದ ಹಾಳೆಯಾದರೆ ಕೆಳಗೆ ಬಿಳಿ ಕಾಗದವಿಟ್ಟಾಗ ಅಕ್ಷರಗಳು ಎದ್ದು ಕಾಣುತ್ತವೆ. ಬಳಿಕ ಪತ್ರವನ್ನು ಎರಡು ಶುದ್ಧ ಒತ್ತುಕಾಗದಗಳ (ಬ್ಲಾಟಿಂಗ್ ಪೇಪರ್) ನಡುವೆ ಹಗುರವಾದ ಭಾರದಡಿಯಲ್ಲಿಟ್ಟು, ಒತ್ತುಕಾಗದದಲ್ಲಿ ಎಣ್ಣೆ ಕಾಣದಾಗುವವರೆಗೂ ಅದನ್ನು ಬದಲಿಸುತ್ತಿರಿ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ; ನನ್ನ ಮಟ್ಟಿಗೆ ಬಹುಪಾಲು ದಾಖಲೆಗಳಿಗೆ ಇದು ಸಾಕು.

ಮರುಪ್ರಶ್ನೆ: ಸೀಮೆಎಣ್ಣೆ ಅಥವಾ ಪೆಟ್ರೋಲ್‌ನಲ್ಲಿ ಅದ್ದಿದರೆ ಎಣ್ಣೆ ಕರಗುವುದಿಲ್ಲವೇ?

ಉತ್ತರ: ಕರಗುತ್ತದೆ, ಆದರೆ ಅದರ ಜೊತೆಗೆ ಬೇರೆಯದೂ ಹೋಗಬಹುದು. ಸೀಮೆಎಣ್ಣೆ ತಾನೇ ಕಲೆಯನ್ನು ಉಳಿಸುತ್ತದೆ. ಪೆಟ್ರೋಲ್‌ನ ಆವಿ ಮನೆಯ ದೀಪ, ಒಲೆಗಳ ಬಳಿ ಹೊತ್ತಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಶುದ್ಧ ಪೆಟ್ರೋಲಿಯಂ ಈಥರ್‌ನಂಥ ದ್ರಾವಕವನ್ನು, ಕೆಳಗಿನಿಂದ ಗಾಳಿಯನ್ನು ಹೀರುವ ಮೇಜಿನ ಮೇಲೆ ಪತ್ರವನ್ನಿಟ್ಟು ಹನಿಹನಿಯಾಗಿ ಬಿಡುತ್ತಾರೆ. ಕರಗಿದ ಎಣ್ಣೆ ಪಕ್ಕಕ್ಕೆ ಹರಿದು ಕಲೆಯ ಸುತ್ತ ಉಂಗುರ ಕಟ್ಟದೆ ನೇರವಾಗಿ ಕೆಳಗಿನ ಒತ್ತುಕಾಗದಕ್ಕೆ ಇಳಿಯಬೇಕೆಂಬುದೇ ಆ ಮೇಜಿನ ಉದ್ದೇಶ. ಅದಕ್ಕೂ ಮೊದಲು ಬರಹದ ಶಾಯಿ, ನೇರಳೆ ಮುದ್ರೆ, ಸಹಿ, ಪ್ರತಿಯೊಂದರ ಮೂಲೆಯನ್ನೂ ಒಂದು ಹನಿಯಿಂದ ಪರೀಕ್ಷಿಸುತ್ತಾರೆ, ಏಕೆಂದರೆ ರಬ್ಬರ್ ಮುದ್ರೆಯ ನೇರಳೆ ಬಣ್ಣ ಆಲ್ಕೋಹಾಲ್ ತಗಲಿದರೆ ಹರಡಿಹೋಗುತ್ತದೆ. ನಿಂಬೆರಸ, ಬ್ಲೀಚಿಂಗ್ ಪೌಡರ್ ಎರಡೂ ನಾರನ್ನೇ ಕೊಲ್ಲುತ್ತವೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಘಟಕ ಮೈಸೂರಿನಲ್ಲಿದೆ. ಮಡಿಕೇರಿಯಿಂದ ದೂರವೇನಲ್ಲ, ಅವರಲ್ಲಿ ವಿಚಾರಿಸಿ ನೋಡಿ.

ಪ್ರಶ್ನೆ (ಸೋಮವಾರಪೇಟೆಯ ಸದಸ್ಯರು): ನಮ್ಮಲ್ಲಿಯೂ ಇಂಥ ಪತ್ರಗಳಿವೆ. ಮಳೆಗಾಲಕ್ಕೆ ಮೊದಲು ಲ್ಯಾಮಿನೇಷನ್ ಮಾಡಿಸಿಬಿಡೋಣವೇ?

ಉತ್ತರ: ಖಂಡಿತ ಬೇಡ. ಬಿಸಿಯಾಗಿ ಅಂಟುವ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸುವುದು ಬಹಳ ಕಷ್ಟ, ಮತ್ತು ಒಳಗಿನ ಎಣ್ಣೆಯೂ ತೇವವೂ ಅಲ್ಲಿಯೇ ಉಳಿಯುತ್ತವೆ. ಕ್ರಯಪತ್ರ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯ ಪುಸ್ತಕದಲ್ಲಿ ಅದರ ನಕಲಿರಬೇಕು; ದೃಢೀಕೃತ ಪ್ರತಿಯನ್ನು ಮೊದಲೇ ಪಡೆದುಕೊಳ್ಳಿ. ಭೂಮಿಯ ವ್ಯಾಜ್ಯ ನ್ಯಾಯಾಲಯದಲ್ಲಿದ್ದರೆ ವಕೀಲರನ್ನು ಕೇಳದೆ ಮೂಲಪತ್ರಕ್ಕೆ ಯಾವ ಚಿಕಿತ್ಸೆಯನ್ನೂ ಮಾಡಿಸಬೇಡಿ, ತಿದ್ದಿದ ಅನುಮಾನ ಬರಬಹುದು.

ಉಳಿದ ಹಾಳೆಗಳನ್ನು ಆಮ್ಲರಹಿತ ಕಾಗದದಲ್ಲಿ ಬೇರೆಬೇರೆಯಾಗಿ ಸುತ್ತಿ, ಎಣ್ಣೆ ಹಿಡಿದವುಗಳನ್ನು ಶುದ್ಧವಾದವುಗಳಿಂದ ದೂರವಿಡಿ. ಗಾಳಿಯ ತೇವಾಂಶ ಶೇಕಡಾ 65ನ್ನು ಮೀರಿದರೆ ಬೂಷ್ಟು ಬೆಳೆಯಲು ಅನುಕೂಲವಾಗುತ್ತದೆ. ನಮ್ಮ ಜೂನ್–ಸೆಪ್ಟೆಂಬರ್‌ನಲ್ಲಿ ಅದು ಮೀರದ ದಿನಗಳೇ ಕಡಿಮೆ. ಗೋಡೆಗೆ ತಗಲದ ಕಪಾಟಿನಲ್ಲಿ ಪೆಟ್ಟಿಗೆಯನ್ನಿಟ್ಟು, ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಣ್ಣ ಬದಲಾದಾಗಲೆಲ್ಲ ಒಣಗಿಸಿ ಮರಳಿ ಇಡಿ. ದೀಪದ ಕೆಳಗಿನ ಜಾಗದಿಂದ ಪೆಟ್ಟಿಗೆಯನ್ನು ಇಂದೇ ಸರಿಸಿ.