ವಾಟರ್‌ಮನ್, ಪೌರಕಾರ್ಮಿಕರಿಗೆ ಬಡಾವಣೆಯಿಂದ ಸನ್ಮಾನ: ಹೇಗೆ ಮಾಡಿದರೆ ಸರಿ?

ನಿಟ್ಟುವಳ್ಳಿ, ದಾವಣಗೆರೆ

ನಮ್ಮ ಬಡಾವಣೆ ಸಮಿತಿಯಿಂದ ಪಾಲಿಕೆಯ ಮೂವರನ್ನು ಸನ್ಮಾನಿಸಬೇಕೆಂದಿದ್ದೇವೆ: ಒಬ್ಬ ವಾಟರ್‌ಮನ್, ಒಬ್ಬ ಪೌರಕಾರ್ಮಿಕರು, ಒಬ್ಬ ಕಸದ ಆಟೋ ಟಿಪ್ಪರ್ ಚಾಲಕರು. ಸೆಪ್ಟೆಂಬರ್ 23, ಪೌರಕಾರ್ಮಿಕರ ದಿನದಂದೇ ಇಟ್ಟುಕೊಳ್ಳೋಣ ಅಂತ ಮಾತು. ಬಜೆಟ್ ಎಂಟು ಸಾವಿರ. ಆಯ್ಕೆ ಹೇಗೆ ಮಾಡಬೇಕು, ಅನುಮತಿ ಬೇಕಾ, ಏನು ಕೊಡಬೇಕು? ಗೊತ್ತಿದ್ದವರು ಹೇಳಿ.

ಚಿತ್ರದುರ್ಗದಿಂದ

ಮೊದಲು ದಿನ ಬದಲಿಸಿ. 23ರಂದು ಪಾಲಿಕೆಯದ್ದೇ ಕಾರ್ಯಕ್ರಮ ಇರುತ್ತದೆ, ನೀವು ಕರೆದವರು ಅಲ್ಲಿರುತ್ತಾರೆ. ಹಿಂದಿನ ಅಥವಾ ಮುಂದಿನ ಭಾನುವಾರ ಇಟ್ಟುಕೊಳ್ಳಿ.

ಅನುಮತಿ ಬೇಕು. ಕಾಯಂ ನೌಕರರಿಗೆ ನಡತೆ ನಿಯಮಗಳು ಅನ್ವಯಿಸುತ್ತವೆ (ರಾಜ್ಯದ ಹೊಸ ನಿಯಮಗಳು 2021ರವು). ತಮ್ಮ ಗೌರವಾರ್ಥ ನಡೆಯುವ ಸಾರ್ವಜನಿಕ ಸಭೆಗೆ ಹೋಗಲು, ಬಿನ್ನವತ್ತಳೆ (ಸನ್ಮಾನ ಪತ್ರ) ಪಡೆಯಲು ಮೇಲಧಿಕಾರಿಯ ಪೂರ್ವಾನುಮತಿ ಇರಬೇಕು. ನೀವು ಅರ್ಜಿ ಕೊಡದಿದ್ದರೆ ನಾಳೆ ಉತ್ತರ ಹೇಳಬೇಕಾದವರು ಆ ನೌಕರರೇ. ಪಾಲಿಕೆ ಆಯುಕ್ತರಿಗೆ ಒಂದು ಪುಟದ ಪತ್ರ ಸಾಕು. ನಗರಸಭೆಯಾದರೆ ಪೌರಾಯುಕ್ತರಿಗೆ, ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿಗೆ. ಹೆಸರು, ಹುದ್ದೆ, ದಿನ, ಸ್ಥಳ, ಏನು ಕೊಡುತ್ತೀರಿ ಎಂಬುದನ್ನು ಬರೆಯಿರಿ. ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಇಪ್ಪತ್ತು ದಿನ ಮುಂಚೆ ಕೊಡಿ. ಚುನಾವಣೆ ನೀತಿ ಸಂಹಿತೆ ಬಂದುಬಿಟ್ಟರೆ ಮುಂದಕ್ಕೆ ಹಾಕಿ, ವಾದ ಮಾಡಬೇಡಿ.

ನಗದು ಬೇಡ. ನಿಮ್ಮ ಮನೆಗಳಿಗೆ ನೀರು ಬಿಡುವವರಿಗೇ ನೀವು ದುಡ್ಡು ಕೊಟ್ಟರೆ ಪಕ್ಕದ ಬಡಾವಣೆಯವರು ಅದನ್ನು ಸನ್ಮಾನ ಅನ್ನುವುದಿಲ್ಲ. ಶಾಲು, ಹಾರವೂ ಬೇಡ. ಸರ್ಕಾರಿ ಸಮಾರಂಭಗಳಲ್ಲಿ ಇವನ್ನೆಲ್ಲ ನಿಲ್ಲಿಸಿ ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲೇ ಸುತ್ತೋಲೆ ಬಂದಿತ್ತು. ಖಾಸಗಿ ಸಭೆಗೆ ಅದು ಕಡ್ಡಾಯವಲ್ಲ, ಆದರೂ ಪಾಲಿಸಿದರೆ ಖರ್ಚು ಉಳಿಯುತ್ತದೆ.

ಹರಿಹರದಿಂದ

ಆಯ್ಕೆಗೆ ವಾಟ್ಸಾಪ್ ಓಟಿಂಗ್ ಮಾತ್ರ ಇಡಬೇಡ್ರಿ. ಗಲ್ಲಿ, ಜಾತಿ, ಪರಿಚಯದ ಮೇಲೆ ಓಟು ಬೀಳ್ತಾವು. ಕಣ್ಣಿಗೆ ಬೀಳೋರಷ್ಟೇ ಗೆಲ್ತಾರೆ; ರಾತ್ರಿ ಬಂದು ಯುಜಿಡಿ (ಒಳಚರಂಡಿ) ಬ್ಲಾಕ್ ತೆಗೆಯೋರ ಹೆಸರು ಯಾರಿಗೂ ಗೊತ್ತೇ ಇರಲ್ಲ. ಬದಲಿಗೆ ಮೂರು ಬೇರೆ ಬೇರೆ ಕ್ರಾಸಿನ ಮೂರು ಮನೆಯವರು 30 ದಿನ ನೋಟ್‌ಬುಕ್ ಇಡಲಿ. ಟಿಪ್ಪರ್ ಎಷ್ಟು ಗಂಟೆಗೆ ಬಂತು, ಎಷ್ಟು ದಿನ ತಪ್ಪಿತು, ಹಸಿ-ಒಣ ಕಸ ಬೇರೆ ಬೇರೆ ಹಾಕಿಸಿಕೊಂಡರಾ ಅಥವಾ ಎಲ್ಲಾ ಒಂದೇ ಕಡೆ ಸುರಿದರಾ. ಇಷ್ಟು ಸಾಕು.

ವಾಟರ್‌ಮನ್ ವಿಷಯದಲ್ಲಿ ಮಾತ್ರ ಹುಷಾರ್. ಬೇಸಿಗೆಯಲ್ಲಿ ಭದ್ರಾ ನಾಲೆ ನಿಂತು ಕುಂದವಾಡ ಕೆರೆ ಇಳಿದರೆ ನೀರಿನ ಸರದಿ ದೂರ ಆಗ್ತೈತಿ. ಅದು ಅವರ ತಪ್ಪಲ್ಲ. ಅವರ ಕೈಯಲ್ಲಿರೋದು ವಾಲ್ವ್. ಮೇಲಿನ ಕ್ರಾಸಿನ ವಾಲ್ವ್ ಪೂರ್ತಿ ತೆಗೆದರೆ ಅಲ್ಲಿಯವರ ಸಂಪು ತುಂಬಿ ಹರೀತೈತಿ, ಕೊನೆ ಮನೆ ನಲ್ಲಿಯಲ್ಲಿ ಬರೀ ಗಾಳಿ. ಕೆಲಸ ಬಲ್ಲವರು ಮೇಲಿನದನ್ನ ಅರ್ಧಕ್ಕೆ ಹಿಡಿದು, ಲೈನಿನ ತುದಿಗೆ ಒತ್ತಡ ಹೋಗೋ ಹಾಗೆ ಮಾಡ್ತಾರೆ. ಹಂಗಾಗಿ ಅಭಿಪ್ರಾಯ ಕೇಳೋದಿದ್ರೆ ಲೈನಿನ ಕಡೇ ಮನೆಯವರನ್ನ ಕೇಳ್ರಿ. ಮೊದಲ ಮನೆಯವರು ಎಲ್ಲಾ ಕಾಲಕ್ಕೂ ಚಲೋ ಅಂತಾನೇ ಹೇಳೋದು.

ಚನ್ನಗಿರಿ ತಾಲ್ಲೂಕಿನಿಂದ

ಹಳ್ಳಿ ಕಡೆಯವರು ಓದುತ್ತಿದ್ದರೆ: ನೀರುಗಂಟಿ, ಬಿಲ್ ಕಲೆಕ್ಟರ್‌ಗೆ ಗೌರವ ಮಾಡಲು ಗ್ರಾಮಸಭೆಗಿಂತ ಒಳ್ಳೆ ಜಾಗ ಇಲ್ಲ. ಅಭಿನಂದನೆಯನ್ನು ನಿರ್ಣಯ ಮಾಡಿಸಿ, ನಡಾವಳಿಯಲ್ಲಿ ಬರೆಸಿ, ಪಿಡಿಒ ಅವರಿಂದ ದೃಢೀಕೃತ ಪ್ರತಿ ತೆಗೆದುಕೊಂಡು ನೌಕರರ ಕೈಗೆ ಕೊಡಿ. ಬಾಯಿಮಾತಿನಲ್ಲಿ ಚಪ್ಪಾಳೆ ತಟ್ಟಿ ಮುಗಿಸಿದರೆ ಮುಂದಿನ ಪಿಡಿಒಗೆ ಗೊತ್ತೂ ಆಗುವುದಿಲ್ಲ. ಏಪ್ರಿಲ್ 21ರ ಸರ್ಕಾರಿ ನೌಕರರ ದಿನಕ್ಕೆ ಕೊಡುವ ಸರ್ವೋತ್ತಮ ಸೇವಾ ಪ್ರಶಸ್ತಿ ಸರ್ಕಾರಿ ನೌಕರರಿಗೆ. ಗ್ರಾಮ ಆಡಳಿತ ಅಧಿಕಾರಿಯಂಥವರ ಹೆಸರು ಮೇಲೆ ಹೋಗಬೇಕೆಂದರೆ ನಿಮ್ಮ ಪತ್ರವೂ ದಾಖಲೆಗೆ ಸೇರುವಂತಿರಬೇಕು. ಸರ್ಕಾರದ ‘ಸಕಾಲ’ ಯೋಜನೆಯಡಿ ನಿಗದಿತ ಅವಧಿಯೊಳಗೆ ಆದ ಕೆಲಸವಿದ್ದರೆ ಆ ಅರ್ಜಿಯ 15 ಅಂಕಿಯ ಸಂಖ್ಯೆ ನಮೂದಿಸಿ.

ಪಿ.ಜೆ. ಬಡಾವಣೆ, ದಾವಣಗೆರೆ

ಸನ್ಮಾನ ಪತ್ರದ ಒಕ್ಕಣೆ ಬಗ್ಗೆ ಯಾರೂ ಹೇಳಲಿಲ್ಲ. "ನಿಷ್ಠಾವಂತ, ಪ್ರಾಮಾಣಿಕ, ದಕ್ಷ" ಅಂತ ಪ್ರಿಂಟರ್ ಅಂಗಡಿಯವರ ಹತ್ತಿರ ರೆಡಿ ಮ್ಯಾಟರ್ ಇರುತ್ತದೆ, ಹೆಸರು ಬದಲಿಸಿ ಕೊಟ್ಟುಬಿಡುತ್ತಾರೆ. ಅದು ಬೇಡ. ಹೀಗೆ ಬರೆಸಿ: "ಏಪ್ರಿಲ್, ಮೇ ಎರಡೂ ತಿಂಗಳು ನೀರು ಬಿಡುವ ಸಮಯವನ್ನು ಹಿಂದಿನ ಸಂಜೆಯೇ ತಿಳಿಸಿ, 4ನೇ ಕ್ರಾಸಿನ ಕೊನೆಯ ಆರು ಮನೆಗಳಿಗೂ ನೀರು ತಲುಪಿಸಿದ್ದಾರೆ." ಓದಿದ ಅಧಿಕಾರಿಗೆ ಏನು ಕೆಲಸ ಅಂತ ತಿಳಿಯಬೇಕು. ಹೆಸರನ್ನು ಗುರುತಿನ ಚೀಟಿ ನೋಡಿ ಬರೆದುಕೊಳ್ಳಿ. ಕರೆಯುವ ಹೆಸರು ಬೇರೆ, ದಾಖಲೆಯ ಹೆಸರು ಬೇರೆ ಇರುತ್ತದೆ, ಇನಿಷಿಯಲ್ ತಪ್ಪಿದರೆ ಪತ್ರ ಕಡತಕ್ಕೆ ಉಪಯೋಗವಿಲ್ಲ.

ಸಮಯ ಬೆಳಿಗ್ಗೆ ಹತ್ತು ಅಂತ ಇಡಬೇಡಿ. ಅವರು ಆರಕ್ಕೆಲ್ಲ ಬೀದಿಯಲ್ಲಿರುತ್ತಾರೆ. ಶಾಸಕರು ಬರುವವರೆಗೆ ಖಾಲಿ ಹೊಟ್ಟೆಯಲ್ಲಿ ವೇದಿಕೆ ಮೇಲೆ ಕೂರಿಸುವುದು ಸನ್ಮಾನವಲ್ಲ, ಶಿಕ್ಷೆ. ಪಾಳಿ ಮುಗಿದ ಮೇಲೆ ಇಡಿ, ಮೊದಲು ಊಟ, ಆಮೇಲೆ ಅರ್ಧ ಗಂಟೆ ಸಭೆ. ಊಟಕ್ಕೆ ಆ ಮೂವರನ್ನಷ್ಟೇ ಅಲ್ಲ, ನಿಮ್ಮ ಬಡಾವಣೆಯಲ್ಲಿ ಕೆಲಸ ಮಾಡುವ ಎಲ್ಲರನ್ನೂ ಕರೆಯಿರಿ, ಇಲ್ಲದಿದ್ದರೆ ಮಾರನೇ ದಿನದಿಂದ ಅವರವರಲ್ಲೇ ಮುನಿಸು. 30 ಜನಕ್ಕೆ ತಲಾ 120ರಂತೆ 3,600, ಶಾಮಿಯಾನ-ಕುರ್ಚಿಗೆ 1,500, ಫ್ರೇಮ್ ಹಾಕಿದ ಪತ್ರ ಮೂರಕ್ಕೆ 1,200, ಪುಸ್ತಕಕ್ಕೆ 900. ಇನ್ನೂ 800 ಕೈಯಲ್ಲಿ ಉಳಿಯಿತು. ಫ್ಲೆಕ್ಸ್ ಹಾಕಿಸಬೇಡಿ, ಅದನ್ನು ಆಮೇಲೆ ಎತ್ತಬೇಕಾದವರೂ ಇವರೇ.

ನಿಟ್ಟುವಳ್ಳಿ

ಎಲ್ಲರಿಗೂ ಧನ್ಯವಾದ. ಟಿಪ್ಪರ್ ಚಾಲಕರು ಹೊರಗುತ್ತಿಗೆಯವರು. ಅವರಿಗೆ ಕಾಯಂ ನೌಕರರಂತೆ ಸೇವಾ ಪುಸ್ತಕವೇ (ನೌಕರಿಯ ದಾಖಲೆ) ಇಲ್ಲವಲ್ಲ, ಪತ್ರ ಯಾವ ಕಡತಕ್ಕೆ ಹೋಗುತ್ತದೆ?

ಚಿತ್ರದುರ್ಗದಿಂದ

ಅದಕ್ಕೇ ಅವರ ಪತ್ರದಲ್ಲಿ ಎಂದಿನಿಂದ ಎಂದಿನವರೆಗೆ, ಯಾವ ವಾರ್ಡ್, ಯಾವ ಕೆಲಸ ಎಂಬುದು ಸ್ಪಷ್ಟ ಇರಲಿ. ಮೂರು ಪ್ರತಿ ಮಾಡಿ: ಒಂದು ಅವರಿಗೆ, ಒಂದು ಆಯುಕ್ತರಿಗೆ, ಒಂದು ಗುತ್ತಿಗೆದಾರರಿಗೆ. ಏಜೆನ್ಸಿ ಬದಲಾದಾಗ ಹಳೆಯ ಕೆಲಸ ತೋರಿಸಲು ಅವರ ಹತ್ತಿರ ಬೇರೆ ಕಾಗದ ಇರುವುದು ಕಡಿಮೆ. ಅವರ ಪ್ರತಿಗೆ ಲ್ಯಾಮಿನೇಷನ್ ಬೇಡ, ಅದರ ಮೇಲೆ ಆಮೇಲೆ ಸಹಿ, ಮೊಹರು ಹಾಕಿಸಲು ಬರುವುದಿಲ್ಲ. ಫ್ರೇಮಿನ ಜೊತೆ ಒಂದು ಬಿಡಿ ಪ್ರತಿ ಕೊಡಿ.