ಡೆಸ್ಟಿನಿ 2 ಬ್ಯಾಟಲ್‌ನೆಟ್ ಬಿಟ್ಟು ಸ್ಟೀಮ್‌ಗೆ ಬಂದದ್ದು ಏಕೆ? ಆಟಗಾರರು ಗಳಿಸಿದ್ದು ಉಳಿದದ್ದು ಹೇಗೆ?

ಪ್ರಶ್ನೆ: ಮುಸ್ಸಂಜೆ_ಟೈಟನ್

ಎಲ್ಲರಿಗೂ ನಮಸ್ಕಾರ. ಡೆಸ್ಟಿನಿ 2 ಎಂಬ ಆನ್‌ಲೈನ್ ಆಟವು ಪಿಸಿ ಆಟಗಳ ಅಂಗಡಿಯಾದ ಸ್ಟೀಮ್‌ಗೆ ಬಂದು ಬಹಳ ಕಾಲವಾದ ಮೇಲೆ ನಾನು ಅದನ್ನು ಆಡಲು ಆರಂಭಿಸಿದೆ. ನಮ್ಮ ಕ್ಲಾನ್‌ನ (ಜೊತೆಗೂಡಿ ಆಡುವವರ ಗುಂಪಿನ) ಹಿರಿಯ ಆಟಗಾರರು ಆಗಾಗ ಹಿಂದಿನ ವೇದಿಕೆಯಾದ ಬ್ಯಾಟಲ್‌ನೆಟ್ ಕಾಲದ ನೆನಪುಗಳನ್ನು ಹೇಳುತ್ತಿರುತ್ತಾರೆ. ಆಟವನ್ನು ರೂಪಿಸಿದ ಬಂಜೀ ಸಂಸ್ಥೆ 2019ರಲ್ಲಿ ತನ್ನ ಪ್ರಕಾಶಕ ಸಂಸ್ಥೆಯಾದ ಆಕ್ಟಿವಿಷನ್‌ನಿಂದ ಬೇರೆಯಾಯಿತು, ಆ ಬಳಿಕ ಪಿಸಿಯಲ್ಲಿ ಆಟದ ವೇದಿಕೆಯೇ ಬದಲಾಯಿತು ಎಂಬಷ್ಟು ನನಗೆ ತಿಳಿದಿದೆ.

ಆದರೆ ಎರಡು ಸಂಸ್ಥೆಗಳ ನಡುವಿನ ಒಪ್ಪಂದ ಮುಗಿದರೆ ಆಟಗಾರರು ಲಾಂಚರ್ (ಆಟವನ್ನು ತೆರೆಯುವ ತಂತ್ರಾಂಶ) ಬದಲಿಸಬೇಕಾದದ್ದು ಏಕೆ ಎಂಬುದು ಸ್ಪಷ್ಟವಾಗಿಲ್ಲ. ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್‌ನಲ್ಲಿ ಆಡುತ್ತಿದ್ದವರಿಗೆ ಇಂಥ ಯಾವ ತೊಂದರೆಯೂ ಆಗಲಿಲ್ಲ ಎಂದು ಕೇಳಿದ್ದೇನೆ. ಹಾಗಿದ್ದರೆ ಪಿಸಿಯವರಿಗೆ ಮಾತ್ರ ಏಕೆ ಆಯಿತು? ವರ್ಷಗಟ್ಟಲೆ ಆಡಿ ಗಳಿಸಿದ ಆಯುಧಗಳು, ಹಣ ಕೊಟ್ಟು ಕೊಂಡ ವಿಸ್ತರಣೆಗಳು (ಮೂಲ ಆಟಕ್ಕೆ ಸೇರುವ ಹೊಸ ಭಾಗಗಳು), ಜೊತೆಯಲ್ಲಿ ಆಡುತ್ತಿದ್ದ ಗೆಳೆಯರು, ಇವೆಲ್ಲ ಹೊಸ ವೇದಿಕೆಗೆ ಬಂದವೇ? ನಾನು ಆಡುವ ಇನ್ನೊಂದು ಆನ್‌ಲೈನ್ ಆಟದ ವಿಷಯದಲ್ಲೂ ಇಂಥದ್ದೇ ಸುದ್ದಿ ಹರಡಿರುವುದರಿಂದ, ಆ ಬದಲಾವಣೆಯನ್ನು ಕಣ್ಣಾರೆ ಕಂಡವರು ವಿವರವಾಗಿ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಉತ್ತರ: ಹಳೆಯ_ವಾರ್ಲಾಕ್

ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಒಪ್ಪಂದದಲ್ಲಿ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ಬಂಜೀ ಸಂಸ್ಥೆಯನ್ನು 2000ದಲ್ಲಿ ಮೈಕ್ರೋಸಾಫ್ಟ್ ಕೊಂಡಿತ್ತು. 2007ರಲ್ಲಿ ಬಂಜೀ ಮತ್ತೆ ಸ್ವತಂತ್ರವಾಯಿತಾದರೂ ತಾನೇ ಕಟ್ಟಿ ಬೆಳೆಸಿದ ಹೇಲೋ ಆಟಗಳ ಸರಣಿಯನ್ನು ಮೈಕ್ರೋಸಾಫ್ಟ್‌ನಲ್ಲೇ ಬಿಟ್ಟು ಬರಬೇಕಾಯಿತು, ಏಕೆಂದರೆ ಅದರ ಹಕ್ಕು ಮೈಕ್ರೋಸಾಫ್ಟ್‌ನದಾಗಿತ್ತು. 2010ರಲ್ಲಿ ಆಕ್ಟಿವಿಷನ್ ಜೊತೆ ದೀರ್ಘಾವಧಿಯ ಒಪ್ಪಂದ ಮಾಡಿಕೊಳ್ಳುವಾಗ ಬಂಜೀ ಈ ಅನುಭವವನ್ನು ಮರೆತಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ. ಡೆಸ್ಟಿನಿಯ ಪ್ರಕಟಣೆಯ ಹೊಣೆ ಆಕ್ಟಿವಿಷನ್‌ನದಾದರೂ ಆ ಲೋಕದ, ಆ ಹೆಸರಿನ ಹಕ್ಕು ಬಂಜೀಯ ಬಳಿಯೇ ಉಳಿಯಿತು. ಮೊದಲ ಡೆಸ್ಟಿನಿ 2014ರ ಸೆಪ್ಟೆಂಬರ್‌ನಲ್ಲಿ ಬಂತು, ಡೆಸ್ಟಿನಿ 2 ಮೂರು ವರ್ಷಗಳ ನಂತರ 2017ರಲ್ಲಿ ಬಂತು. 2018ರ ಸೆಪ್ಟೆಂಬರ್‌ನಲ್ಲಿ ಬಂದ ಫರ್ಸೇಕನ್ ವಿಸ್ತರಣೆಯನ್ನು ಆಟಗಾರರು ಮೆಚ್ಚಿದರು. ಆದರೆ ವ್ಯಾಪಾರದ ದೃಷ್ಟಿಯಿಂದ ಅದು ನಿರೀಕ್ಷೆ ಮುಟ್ಟಲಿಲ್ಲವೆಂದು ಆಕ್ಟಿವಿಷನ್ ತನ್ನ ಹೂಡಿಕೆದಾರರಿಗೆ ಹೇಳಿತು. ಫರ್ಸೇಕನ್ ಬಗ್ಗೆ ತಮಗೆ ನಿರಾಶೆಯಿಲ್ಲವೆಂದು ಆಟದ ನಿರ್ದೇಶಕರು ಬಹಿರಂಗವಾಗಿಯೇ ಹೇಳಿದರು. ಎರಡೂ ಕಡೆಯವರು ಒಂದೇ ಆಟವನ್ನು ಬೇರೆ ಬೇರೆ ಅಳತೆಗೋಲಿನಿಂದ ಅಳೆಯುತ್ತಿದ್ದಾರೆ ಎಂಬುದು ನಮಗೆಲ್ಲ ಅಂದೇ ಅರಿವಾಗಿತ್ತು. 2019ರ ಜನವರಿ 10ರಂದು ಬಂಜೀ ತಾನು ಬೇರೆಯಾಗುತ್ತಿರುವುದಾಗಿಯೂ ಡೆಸ್ಟಿನಿಯ ಪ್ರಕಟಣೆಯ ಹಕ್ಕು ಇನ್ನು ತನ್ನದೇ ಎಂದೂ ಪ್ರಕಟಿಸಿತು. ಹಿಂದಿನ ಸಲ ಹೇಲೋವನ್ನು ಬಿಟ್ಟು ಹೊರಬಂದಿದ್ದ ಸಂಸ್ಥೆ ಈ ಸಲ ತನ್ನ ಆಟವನ್ನು ಜೊತೆಯಲ್ಲೇ ತೆಗೆದುಕೊಂಡು ಬಂತು.

ಇನ್ನು ಪಿಸಿಯ ವಿಷಯ. ಪ್ಲೇಸ್ಟೇಷನ್ ಅಂಗಡಿ ಸೋನಿಯದು, ಎಕ್ಸ್‌ಬಾಕ್ಸ್ ಅಂಗಡಿ ಮೈಕ್ರೋಸಾಫ್ಟ್‌ನದು. ಅಲ್ಲಿ ಪ್ರಕಾಶಕರ ಹೆಸರು ಬದಲಾದರೆ ಆಟಗಾರರ ಗಮನಕ್ಕೂ ಬರುವುದಿಲ್ಲ. ಬ್ಯಾಟಲ್‌ನೆಟ್ ಹಾಗಲ್ಲ. ಅದು ಬ್ಲಿಜರ್ಡ್‌ನ ವೇದಿಕೆ, ಬ್ಲಿಜರ್ಡ್ ಮತ್ತು ಆಕ್ಟಿವಿಷನ್ 2008ರಿಂದ ಒಂದೇ ಸಮೂಹದ ಸಂಸ್ಥೆಗಳು. ಬ್ಲಿಜರ್ಡ್ ತಯಾರಿಸದ ಆಟವೊಂದು ಆ ವೇದಿಕೆಗೆ ಬಂದದ್ದು ಡೆಸ್ಟಿನಿ 2ರಿಂದಲೇ ಮೊದಲು, ಅದೂ ಆಕ್ಟಿವಿಷನ್‌ನ ನಂಟಿನಿಂದ. ನಂಟು ಕಡಿದ ಮೇಲೆ ಅಲ್ಲಿ ಉಳಿಯುವುದಕ್ಕೆ ಕಾರಣವೇ ಇರಲಿಲ್ಲ.

ಗಳಿಸಿದ್ದು ಉಳಿದದ್ದು ಹೇಗೆ ಎಂದಿರಿ. ಇದು ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ. ಬ್ಯಾಟಲ್‌ನೆಟ್ ಆಟದೊಳಗೆ ಹೋಗುವ ಬಾಗಿಲು ಮಾತ್ರ ಆಗಿತ್ತು, ಸಾಮಾನೆಲ್ಲ ಇದ್ದದ್ದು ಬಂಜೀಯ ಸರ್ವರ್‌ಗಳಲ್ಲಿ. ನಮ್ಮ ಪಾತ್ರಗಳು, ಆಯುಧಗಳು, ಕ್ಲಾನ್‌ಗಳು ಬಂಜೀಯ ಸ್ವಂತ ಜಾಲತಾಣದ ಖಾತೆಗೆ ಸೇರಿದ್ದವು. ಆದ್ದರಿಂದ ಆಟಗಾರರು ಮಾಡಬೇಕಾದದ್ದು ಇಷ್ಟೇ ಆಗಿತ್ತು: ಬಂಜೀಯ ಜಾಲತಾಣಕ್ಕೆ ಹೋಗಿ, ಬ್ಯಾಟಲ್‌ನೆಟ್ ಖಾತೆಯನ್ನು ತಮ್ಮ ಒಂದು ಸ್ಟೀಮ್ ಖಾತೆಗೆ ಜೋಡಿಸುವುದು. ಈ ವ್ಯವಸ್ಥೆ 2019ರ ಆಗಸ್ಟ್ 20ರಂದು ತೆರೆಯಿತು. ಪಾತ್ರಗಳು, ಕೊಂಡ ವಿಸ್ತರಣೆಗಳು, ಖರ್ಚಾಗದೆ ಉಳಿದಿದ್ದ ಸಿಲ್ವರ್ (ಆಟದೊಳಗಿನ ಹಣ) ಎಲ್ಲವೂ ಯಾವ ಶುಲ್ಕವೂ ಇಲ್ಲದೆ ವರ್ಗವಾದವು. ಜೋಡಣೆ ಒಮ್ಮೆ ಮಾತ್ರ ಸಾಧ್ಯವಿದ್ದುದರಿಂದ ಯಾವ ಸ್ಟೀಮ್ ಖಾತೆಗೆ ಎಂಬುದನ್ನು ಎಚ್ಚರದಿಂದ ಆರಿಸಬೇಕಾಗಿತ್ತು. ಅಕ್ಟೋಬರ್ 1ರಂದು ಶ್ಯಾಡೋಕೀಪ್ ವಿಸ್ತರಣೆಯ ಜೊತೆಗೆ ಆಟ ಸ್ಟೀಮ್‌ನಲ್ಲಿ ಆರಂಭವಾಯಿತು, ಅಂದಿನಿಂದ ಬ್ಯಾಟಲ್‌ನೆಟ್‌ನಲ್ಲಿ ಆಡುವುದು ನಿಂತಿತು. ಅದೇ ದಿನ ನ್ಯೂ ಲೈಟ್ ಎಂಬ ಹೆಸರಿನಲ್ಲಿ ಮೂಲ ಆಟ ಎಲ್ಲರಿಗೂ ಉಚಿತವಾದ್ದರಿಂದ, ಹಳಬರ ಜೊತೆ ಹೊಸಬರೂ ಬಂದು, ಸ್ಟೀಮ್ ಒಂದರಲ್ಲೇ ಏಕಕಾಲಕ್ಕೆ ಆಡುವವರ ಸಂಖ್ಯೆ 2 ಲಕ್ಷವನ್ನು ದಾಟಿತು.

ಉತ್ತರ: ನೆರಳಿನ_ಹಂಟರ್

ಮೇಲಿನವರು ಹೇಳಿದ ವಿವರಗಳೆಲ್ಲ ಸರಿಯಾಗಿವೆ. ಆದರೂ ಈ ಸ್ಥಳಾಂತರವನ್ನು ಪೂರ್ಣ ಯಶಸ್ಸು ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಹಿಂಜರಿಯುತ್ತದೆ.

ಸರ್ವರ್‌ನಲ್ಲಿ ಇದ್ದದ್ದು ಬಂತು, ನಿಜ. ಬ್ಯಾಟಲ್‌ನೆಟ್‌ನ ಗೆಳೆಯರ ಪಟ್ಟಿ ಮಾತ್ರ ಬರಲಿಲ್ಲ, ಏಕೆಂದರೆ ಅದು ಬಂಜೀಯದಾಗಿರಲಿಲ್ಲ. ಕ್ಲಾನ್‌ನಲ್ಲಿದ್ದವರು ಒಬ್ಬರನ್ನೊಬ್ಬರು ಮತ್ತೆ ಹುಡುಕಿಕೊಂಡರು. ಯಾವ ಕ್ಲಾನ್‌ಗೂ ಸೇರದೆ, ಎಲ್ಲೋ ಒಂದು ರೇಡ್‌ನಲ್ಲಿ (ಹಲವರು ಕೂಡಿ ಆಡುವ ಕಠಿಣ ಸವಾಲಿನಲ್ಲಿ) ಪರಿಚಯವಾಗಿ ವಾರವಾರವೂ ಜೊತೆಗೂಡುತ್ತಿದ್ದವರು ಚದುರಿಹೋದರು. ಜೂನ್ 6ರಂದು ಸ್ಟೀಮ್‌ನ ಸುದ್ದಿ ಪ್ರಕಟವಾಯಿತು, ಅಕ್ಟೋಬರ್ 1ಕ್ಕೆ ಬದಲಾವಣೆ ಮುಗಿಯಿತು. ನಡುವೆ 4 ತಿಂಗಳೂ ಪೂರ್ತಿ ಇರಲಿಲ್ಲ. ಆಟದ ಸುದ್ದಿಗಳನ್ನು ದಿನವೂ ಓದುವವರಿಗೆ ಅಷ್ಟು ಸಮಯ ಸಾಕು. ಕೆಲಸದ ಒತ್ತಡದಿಂದಲೋ ಓದಿನ ಕಾರಣದಿಂದಲೋ ಕೆಲವು ಕಾಲ ಆಟ ಬಿಟ್ಟಿದ್ದವರು ಹಿಂದಿರುಗಿದಾಗ ತಮ್ಮ ಪಾತ್ರಗಳು ಎಲ್ಲಿ ಹೋದವೆಂದು ತಿಳಿಯದೆ ಕಂಗಾಲಾದದ್ದನ್ನು ನಾನು ಕಂಡಿದ್ದೇನೆ. ಮೊದಲ ದಿನವೇ ಸರ್ವರ್‌ಗಳು ಜನಸಂದಣಿಗೆ ಸೋತು ತುರ್ತು ದುರಸ್ತಿಗೆಂದು ಆಟ ನಿಂತದ್ದನ್ನು ದೊಡ್ಡದು ಮಾಡಬೇಕಿಲ್ಲ, ಅದು ಬೇಗ ಸರಿಹೋಯಿತು.

ನನಗೆ ಹೆಚ್ಚು ನೋವು ತಂದದ್ದು ಆಮೇಲಿನ ಸಂಗತಿ. 2020ರ ನವೆಂಬರ್‌ನಲ್ಲಿ ಬಿಯಾಂಡ್ ಲೈಟ್ ವಿಸ್ತರಣೆ ಬಂದಾಗ ಡೆಸ್ಟಿನಿ 2ರ ಮೂಲ ಕಥಾಭಾಗವಾದ ರೆಡ್ ವಾರ್ ಸೇರಿದಂತೆ ಹಳೆಯ ಕಥೆಗಳನ್ನೂ ಕೆಲವು ಗ್ರಹಗಳನ್ನೂ ಆಟದಿಂದಲೇ ತೆಗೆದುಹಾಕಲಾಯಿತು. ಆಟದ ಗಾತ್ರ ಬೆಳೆದು ನಿರ್ವಹಣೆ ಕಷ್ಟವಾಗಿದೆ ಎಂದು ಬಂಜೀ ಕಾರಣ ಕೊಟ್ಟಿತು. ಇದಕ್ಕೆ ಪ್ರಕಾಶಕರಿಂದ ಬೇರೆಯಾದದ್ದೇ ನೇರ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಡೆಸ್ಟಿನಿ 2ರ ಪಿಸಿ ಆವೃತ್ತಿಯನ್ನು ಸಿದ್ಧಗೊಳಿಸಿದ್ದ ವಿಕೇರಿಯಸ್ ವಿಷನ್ಸ್, ವಿಸ್ತರಣೆಗಳಲ್ಲಿ ನೆರವಾಗಿದ್ದ ಹೈ ಮೂನ್ ಎರಡೂ ಆಕ್ಟಿವಿಷನ್‌ನ ಸ್ಟುಡಿಯೋಗಳಾಗಿದ್ದವು, ಬೇರೆಯಾದ ಮೇಲೆ ಆ ಕೈಗಳು ಬಂಜೀಗೆ ಸಿಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಖಾತೆ ಉಳಿಯುವುದು ಬೇರೆ, ಆ ಖಾತೆಯಲ್ಲಿ ಹಣ ಕೊಟ್ಟು ಕೊಂಡ ಕಥೆ ಉಳಿಯುವುದು ಬೇರೆ. ಸ್ವಾತಂತ್ರ್ಯವೂ ಬಹಳ ದಿನ ಬಾಳಲಿಲ್ಲ. 2022ರಲ್ಲಿ ಸೋನಿ 360 ಕೋಟಿ ಡಾಲರ್‌ಗೆ ಬಂಜೀಯನ್ನು ಕೊಂಡಿತು.

ಉತ್ತರ: ಹಳೆಯ_ವಾರ್ಲಾಕ್

ಗೆಳೆಯರ ಪಟ್ಟಿಯ ಬಗ್ಗೆ ನೀವು ಹೇಳಿದ್ದು ನ್ಯಾಯವಾದ ಮಾತು. ಅದಕ್ಕೊಂದು ಸಂಗತಿ ಸೇರಿಸುತ್ತೇನೆ. 2021ರ ಆಗಸ್ಟ್‌ನಲ್ಲಿ ಬೇರೆ ಬೇರೆ ವೇದಿಕೆಗಳ ಆಟಗಾರರು ಕೂಡಿ ಆಡುವ ಕ್ರಾಸ್‌ಪ್ಲೇ ಬಂದಾಗ, ಬಂಜೀ ಪ್ರತಿಯೊಬ್ಬರಿಗೂ ತನ್ನದೇ ಹೆಸರಿನ ಗುರುತನ್ನೂ ತನ್ನದೇ ಗೆಳೆಯರ ಪಟ್ಟಿಯನ್ನೂ ಕೊಟ್ಟಿತು. 2019ರಲ್ಲಿ ಕಳೆದುಹೋದದ್ದು ಅದರಿಂದ ಮರಳಿ ಬರಲಿಲ್ಲ. ಆದರೆ ಇನ್ನೊಮ್ಮೆ ವೇದಿಕೆ ಬದಲಾದರೆ ಆ ಪಟ್ಟಿಯನ್ನು ಕಳೆದುಕೊಳ್ಳಬೇಕಾಗಿಲ್ಲ. ಕಥಾಭಾಗ ತೆಗೆದ ವಿಷಯದಲ್ಲಿ ನನಗೂ ನಿಮ್ಮಷ್ಟೇ ಬೇಸರವಿದೆ.

ಪ್ರಶ್ನೆ ಕೇಳಿದವರು: ಮುಸ್ಸಂಜೆ_ಟೈಟನ್

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಾನು ಹೇಳಿದ ಇನ್ನೊಂದು ಆಟದಲ್ಲಿ ಲಾಗಿನ್ ಆಗುವುದು ಪ್ರಕಾಶಕರ ಖಾತೆಯಿಂದಲೇ, ಆಟ ತಯಾರಿಸಿದವರ ಬಳಿ ನಮ್ಮ ಹೆಸರಿನಲ್ಲಿ ಪ್ರತ್ಯೇಕ ಖಾತೆ ಎಂಬುದೇ ಇಲ್ಲ. ಅಂಥ ಸಂದರ್ಭದಲ್ಲಿ ಎಲ್ಲವೂ ಕೈತಪ್ಪಿ ಹೋಗುತ್ತದೆಯೇ?

ಉತ್ತರ: ಮರುಭೂಮಿ_ಯಾತ್ರಿ

ಹಾಗೇನೂ ಇಲ್ಲ, ಆದರೆ ಆಗ ಆಟಗಾರರ ಒಪ್ಪಿಗೆ ಬೇಕಾಗುತ್ತದೆ, ಹಾಗೂ ಹಳೆಯ ಪ್ರಕಾಶಕರು ಸಹಕರಿಸಬೇಕಾಗುತ್ತದೆ. ಇದಕ್ಕೆ ಸರಿಯಾದ ಉದಾಹರಣೆ ಬ್ಲ್ಯಾಕ್ ಡೆಸರ್ಟ್. ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ ಆ ಆಟವನ್ನು 2016ರಿಂದ ಕಾಕಾವೋ ಗೇಮ್ಸ್ ನಡೆಸುತ್ತಿತ್ತು. 2021ರ ಫೆಬ್ರುವರಿಯಲ್ಲಿ ಆಟ ತಯಾರಿಸಿದ ಪರ್ಲ್ ಅಬಿಸ್ ಸಂಸ್ಥೆಯೇ ಸೇವೆಯನ್ನು ವಹಿಸಿಕೊಂಡಿತು. ತಮ್ಮ ಮಾಹಿತಿ ವರ್ಗವಾಗಲು ಆಟಗಾರರು ತಾವೇ ಒಪ್ಪಿಗೆ ಕೊಟ್ಟು ಹೊಸ ಸಂಸ್ಥೆಯ ಖಾತೆ ಮಾಡಿಕೊಳ್ಳಬೇಕಾಯಿತು. ಒಬ್ಬರ ವೈಯಕ್ತಿಕ ಮಾಹಿತಿಯನ್ನು ಅವರನ್ನು ಕೇಳದೆ ಇನ್ನೊಂದು ಸಂಸ್ಥೆಗೆ ದಾಟಿಸುವುದು ಸರಿಯಲ್ಲವಾದ್ದರಿಂದ ಈ ಹಂತವನ್ನು ತಪ್ಪಿಸುವಂತಿಲ್ಲ. ಆದರೆ ಸುದ್ದಿ ತಲುಪದವರು ಹಿಂದುಳಿಯುವುದೂ ಇದರಿಂದಲೇ.

ಸಂಸ್ಥೆಯ ಉದ್ದೇಶ ಒಳ್ಳೆಯದಿದ್ದರೂ ಅಂಗಡಿ ಬದಲಾದಾಗ ಗೊಂದಲವಾಗಬಹುದು ಎಂಬುದಕ್ಕೆ ಹಿಟ್‌ಮ್ಯಾನ್ ಸರಣಿಯನ್ನು ನೋಡಿ. ಅದನ್ನು ತಯಾರಿಸುವ ಐಒ ಇಂಟರಾಕ್ಟಿವ್ 2017ರಲ್ಲಿ ತನ್ನ ಮಾತೃಸಂಸ್ಥೆಯಾದ ಸ್ಕ್ವೇರ್ ಎನಿಕ್ಸ್‌ನಿಂದ ಹೊರಬರುವಾಗ ಸರಣಿಯ ಹಕ್ಕನ್ನು ಉಳಿಸಿಕೊಂಡಿತು. ಆದರೆ ಹಿಟ್‌ಮ್ಯಾನ್ 3 2021ರ ಜನವರಿಯಲ್ಲಿ ಪಿಸಿಗೆ ಬಂದದ್ದು ಎಪಿಕ್ ಅಂಗಡಿಯಲ್ಲಿ ಮಾತ್ರ. ಹಿಂದಿನ ಭಾಗಗಳನ್ನು ಸ್ಟೀಮ್‌ನಲ್ಲಿ ಕೊಂಡವರು ಆ ಭಾಗಗಳಲ್ಲಿನ ಆಟದ ಸ್ಥಳಗಳನ್ನು ಹೊಸ ಆಟದೊಳಗೆ ತರಲು ಬಿಡುಗಡೆಯ ವೇಳೆಗೆ ದಾರಿ ಸಿದ್ಧವಿರಲಿಲ್ಲ. ಆಟಗಾರರು ಬಲವಾಗಿ ಆಕ್ಷೇಪಿಸಿದ ಮೇಲೆ, ಯಾರೂ ಮತ್ತೆ ಕೊಳ್ಳಬೇಕಾಗಿಲ್ಲ ಎಂದು ಸಂಸ್ಥೆ ಭರವಸೆ ಕೊಟ್ಟು ದಾರಿ ಮಾಡಿತು. ಆಟದ ಪ್ರಗತಿಯನ್ನು ವರ್ಗಾಯಿಸುವುದು ಸಂಸ್ಥೆಯ ಕೈಯಲ್ಲಿರುತ್ತದೆ, ಕೊಂಡದ್ದಕ್ಕೆ ಸಾಕ್ಷಿ ಮಾತ್ರ ಹಳೆಯ ಅಂಗಡಿಯ ಬಳಿ ಇರುತ್ತದೆ ಎಂಬುದು ಇದರಿಂದ ಎಲ್ಲರಿಗೂ ಮನದಟ್ಟಾಯಿತು.

ಆದ್ದರಿಂದ ನಿಮ್ಮ ಆಟದ ವಿಷಯದಲ್ಲಿ ಈಗಲೇ ಮಾಡಬಹುದಾದ ಕೆಲಸಗಳಿವೆ. ಪ್ರಕಾಶಕರ ಖಾತೆಗೆ ಕೊಟ್ಟಿರುವ ಇಮೇಲ್ ವಿಳಾಸ ಈಗಲೂ ನೀವು ತೆರೆಯುವಂಥದ್ದೇ ಎಂದು ನೋಡಿಕೊಳ್ಳಿ, ಒಪ್ಪಿಗೆ ಕೇಳುವ ಪತ್ರ ಬರುವುದು ಅಲ್ಲಿಗೇ. ಕೊಂಡದ್ದರ ರಸೀದಿಗಳನ್ನು ಇಳಿಸಿಕೊಂಡು ಇಟ್ಟುಕೊಳ್ಳಿ. ಡೆಸ್ಟಿನಿ 2ರಲ್ಲಿ ಉಳಿದ ಸಿಲ್ವರ್ ವರ್ಗವಾಯಿತೆಂದು ಎಲ್ಲ ಆಟಗಳಲ್ಲೂ ಹಾಗೇ ಆಗುತ್ತದೆಂದು ನಂಬಬೇಡಿ, ವರ್ಗಾವಣೆಯ ನಿಯಮಗಳು ಲಿಖಿತವಾಗಿ ಪ್ರಕಟವಾಗುವವರೆಗೆ ಆಟದೊಳಗಿನ ಹಣವನ್ನು ಹೊಸದಾಗಿ ಕೊಳ್ಳಬೇಡಿ. ಜೊತೆಯಲ್ಲಿ ಆಡುವ ಗೆಳೆಯರನ್ನು ಆ ಲಾಂಚರ್‌ನ ಹೊರಗೆ ಹೇಗೆ ಸಂಪರ್ಕಿಸಬಹುದೆಂಬುದನ್ನು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ, ಆ ಪಟ್ಟಿಯನ್ನು ಯಾವ ಸಂಸ್ಥೆಯೂ ನಿಮಗಾಗಿ ಸಾಗಿಸಿಕೊಡುತ್ತದೆಂಬ ಖಾತ್ರಿಯಿಲ್ಲ.