ಟರ್ಮಕ್ಸ್‌ನಲ್ಲಿ ಸ್ಕ್ರಿಪ್ಟ್ ಓಡ್ತಿಲ್ಲ, ಬರೀ ‘ಪರ್ಮಿಷನ್ ಡಿನೈಡ್’. ರೂಟ್ ಮಾಡಲೇಬೇಕಾ?

ಹೊಸಬ:
ಟರ್ಮಿನಲ್, ಅಂದರೆ ಕಮಾಂಡ್ ಹೊಡೆದು ಕೆಲಸ ಮಾಡಿಸುವುದು, ಕಲಿಯೋಣ ಅಂತ ಫೋನಿಗೆ ಟರ್ಮಕ್ಸ್ ಆ್ಯಪ್ ಹಾಕಿಕೊಂಡು ಹತ್ತು ದಿನ ಆಯ್ತು. ಕಂಪ್ಯೂಟರ್ ಇಲ್ಲ, ಇರುವುದು ಆಂಡ್ರಾಯ್ಡ್ 14 ಫೋನ್ ಒಂದೇ. ಎಲ್‌ಎಸ್, ಸಿಡಿ, ಸಿಪಿ (ಪಟ್ಟಿ ನೋಡೋದು, ಫೋಲ್ಡರ್ ಬದಲಿಸೋದು, ಕಾಪಿ ಮಾಡೋದು) ಇಷ್ಟು ಗೊತ್ತು. ಕ್ಯಾಮೆರಾ ಫೋಲ್ಡರ್‌ನಲ್ಲಿ ನಾಲ್ಕು ಸಾವಿರ ಫೋಟೋ ರಾಶಿ ಬಿದ್ದಿದೆ. ಅದನ್ನು ವರ್ಷದ ಪ್ರಕಾರ ಬೇರೆ ಬೇರೆ ಫೋಲ್ಡರ್‌ಗೆ ಹಾಕುವ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಒಂದನ್ನು ಗೆಳೆಯ ಬರೆದು ಕಳಿಸಿದ. ಅದು ಡೌನ್‌ಲೋಡ್ಸ್‌ನಲ್ಲಿದೆ.

ಸ್ಟೋರೇಜ್ ಪರ್ಮಿಷನ್ ಕೊಟ್ಟಿದ್ದೇನೆ. ಸೆಟ್ಟಿಂಗ್ಸ್‌ಗೆ ಹೋಗಿ ಮೂರು ಸಲ ತೆಗೆದು ಮತ್ತೆ ಕೊಟ್ಟೆ. ‘ಸಿಎಚ್‌ಮಾಡ್ ಪ್ಲಸ್ ಎಕ್ಸ್’ (ಫೈಲನ್ನು ಓಡಿಸಲು ಅನುಮತಿ ಕೊಡುವ ಕಮಾಂಡ್) ಕೂಡ ಹೊಡೆದೆ, ಏನೂ ತಕರಾರಿಲ್ಲದೆ ಮುಗೀತು. ಆದರೂ ‘ಚುಕ್ಕೆ ಸ್ಲ್ಯಾಶ್ ಫೋಟೋ ಡಾಟ್ ಎಸ್‌ಎಚ್’ ಅಂದ ತಕ್ಷಣ ಪರ್ಮಿಷನ್ ಡಿನೈಡ್. ರೂಟ್ ಅಧಿಕಾರದಲ್ಲಿ ಓಡಿಸೋಣ ಅಂತ ಮುಂದೆ ಸುಡೋ ಹಾಕಿದರೆ ಸುಡೋನೇ ಇಲ್ಲ ಅಂತಿದೆ. ತಲೆ ಕೆಟ್ಟುಹೋಗಿದೆ.

ಕರ್ಸರ್:
ರೂಟ್, ಅಂದರೆ ಫೋನಿನ ಮೇಲೆ ಪೂರ್ತಿ ಅಧಿಕಾರ ತೆಗೆದುಕೊಳ್ಳುವುದು, ಬೇಡವೇ ಬೇಡ. ಸೆಟ್ಟಿಂಗ್ಸ್‌ಗೂ ಮತ್ತೆ ಹೋಗಬೇಡಿ, ಅಲ್ಲಿ ಎಲ್ಲ ಸರಿಯಾಗಿದೆ.

ಪರ್ಮಿಷನ್ ಅನ್ನುವ ಒಂದೇ ಪದ ಇಲ್ಲಿ ಎರಡು ಬೇರೆ ವಿಷಯಕ್ಕೆ ಬಳಕೆಯಾಗುತ್ತದೆ. ಒಂದು ಆಂಡ್ರಾಯ್ಡ್ ಕೊಡುವಂಥದ್ದು: ಈ ಆ್ಯಪ್ ನಿಮ್ಮ ಫೈಲುಗಳನ್ನು ಮುಟ್ಟಬಹುದೋ ಇಲ್ಲವೋ ಅಂತ. ಅದನ್ನು ಕೊಟ್ಟಿದ್ದೀರಿ. ಇನ್ನೊಂದು ಆಂಡ್ರಾಯ್ಡ್‌ನ ಅಡಿಪಾಯವಾದ ಲಿನಕ್ಸ್‌ನದು, ಪ್ರತಿ ಫೈಲಿನ ಮೇಲೆ ಇರುವ ಗುರುತು. ಈ ಫೈಲನ್ನು ಓದಬಹುದಾ, ಬರೆಯಬಹುದಾ, ಓಡಿಸಬಹುದಾ ಅಂತ. ನಿಮ್ಮ ಗಾಡಿ ನಿಂತಿರುವುದು ಈ ಎರಡನೆಯದರಲ್ಲಿ.

ಡೌನ್‌ಲೋಡ್ಸ್‌ನಲ್ಲಿ ನಿಂತು ‘ಎಲ್‌ಎಸ್ ಹೈಫನ್ ಎಲ್’ ಹೊಡೆದು ಸಾಲಿನ ಮೊದಲ ಅಕ್ಷರಗಳನ್ನು ನೋಡಿ. ಆರ್ (ಓದು), ಡಬ್ಲ್ಯೂ (ಬರೆ) ಕಾಣುತ್ತೆ, ಎಕ್ಸ್ (ಓಡಿಸು) ಕಾಣಲ್ಲ, ಅಲ್ವಾ? ನೀವು ಸಿಎಚ್‌ಮಾಡ್ ಮಾಡಿದರೂ ಅದು ಅಂಟಿಕೊಂಡಿಲ್ಲ. ಫೋನಿನ ಎಲ್ಲ ಆ್ಯಪ್‌ಗಳೂ ಹಂಚಿಕೊಳ್ಳುವ ಸ್ಟೋರೇಜ್ ಇದೆಯಲ್ಲ, ಅಲ್ಲಿ ಎಕ್ಸ್ ಗುರುತಿಗೆ ಜಾಗವೇ ಇಲ್ಲ. ಸಿಎಚ್‌ಮಾಡ್ ಸುಮ್ನೆ ಹೂಂ ಅಂದು ಬಂದುಬಿಡುತ್ತದೆ. ಎಲ್ಲರೂ ಮೋಸ ಹೋಗುವುದು ಇಲ್ಲೇ, ನಾನೂ ಒಂದಿಡೀ ಸಂಜೆ ಹಾಳುಮಾಡಿಕೊಂಡಿದ್ದೆ.

ಹಾಗಾಗಿ ಫೈಲನ್ನು ಟರ್ಮಕ್ಸ್‌ನ ಸ್ವಂತ ಮನೆಗೆ ತನ್ನಿ. ‘ಸಿಡಿ’ ಅಂತಷ್ಟೇ ಹೊಡೆದು ಎಂಟರ್ ಒತ್ತಿದರೆ ಹೋಮ್‌ಗೆ ಬರುತ್ತೀರಿ. ಅಲ್ಲಿಂದ ‘ಸಿಪಿ ಸ್ಟೋರೇಜ್ ಸ್ಲ್ಯಾಶ್ ಡೌನ್‌ಲೋಡ್ಸ್ ಸ್ಲ್ಯಾಶ್ ಫೋಟೋ ಡಾಟ್ ಎಸ್‌ಎಚ್’, ಒಂದು ಸ್ಪೇಸ್, ಕೊನೆಗೆ ಒಂದೇ ಒಂದು ಚುಕ್ಕೆ. ಆ ಚುಕ್ಕೆ ಅಂದರೆ ‘ನಾನೀಗ ಇರುವಲ್ಲಿಗೆ’ ಅಂತ, ಮರೆಯಬೇಡಿ. ಈಗ ಸಿಎಚ್‌ಮಾಡ್ ಮಾಡಿ, ಎಕ್ಸ್ ಬಂದಿರುತ್ತೆ. ಅವಸರ ಇದ್ದರೆ ‘ಬ್ಯಾಶ್’ (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ) ಅಂತ ಬರೆದು ಮುಂದೆ ಫೈಲ್ ಹೆಸರು ಕೊಡಿ. ಆಗ ಓಡುವುದು ಬ್ಯಾಶ್, ನಿಮ್ಮ ಫೈಲನ್ನು ಅದು ಬರೀ ಓದುತ್ತದೆ, ಓದೋಕೆ ಎಕ್ಸ್ ಬೇಕಿಲ್ಲ.

ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದದ್ದು ಬೇಕಂತಲೇ. ಕಾಪಿ ಮಾಡಿ ಅಂಟಿಸಬೇಡಿ, ಕೈಯಲ್ಲೇ ಹೊಡೆಯಿರಿ. ಎಲ್ಲಿಂದಲೋ ಅಂಟಿಸಿದಾಗ ಹೈಫನ್ ಇದ್ದ ಕಡೆ ಉದ್ದ ಗೆರೆ ಬಂದು ಕೂತಿರುತ್ತೆ, ಕಣ್ಣಿಗೆ ಗೊತ್ತೇ ಆಗಲ್ಲ. ಹೆಸರಿನ ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿ, ಉಳಿದದ್ದನ್ನು ಅದೇ ತುಂಬುತ್ತೆ.

ಹೊಸಬ:
ಎಕ್ಸ್ ನಿಜವಾಗಲೂ ಇರಲಿಲ್ಲ! ಹೋಮ್‌ಗೆ ತಂದೆ, ಬ್ಯಾಶ್ ದಾರಿ ಹಿಡಿದೆ. ಪರ್ಮಿಷನ್ ಗಲಾಟೆ ಮುಗೀತು, ಆದರೆ ಈಗ ಬೇರೆ ರಾಗ. ‘ಲೈನ್ 2’, ಆಮೇಲೆ ಡಾಲರ್ ಗುರುತು, ಕೋಟ್ ಒಳಗೆ ಬ್ಯಾಕ್‌ಸ್ಲ್ಯಾಶ್ ಆರ್, ‘ಕಮಾಂಡ್ ನಾಟ್ ಫೌಂಡ್’. ಎರಡನೇ ಸಾಲು ನೋಡಿದರೆ ಖಾಲಿ. ಖಾಲಿ ಸಾಲಲ್ಲಿ ಏನು ತಪ್ಪಿರುತ್ತೆ ಸ್ವಾಮಿ?

ಕರ್ಸರ್:
ಗೆಳೆಯ ವಿಂಡೋಸ್‌ನಲ್ಲಿ ಬರೆದಿದ್ದಾರೆ. ಬಾಜಿ ಕಟ್ಟಲಾ?

ಆ ಸಾಲು ಖಾಲಿ ಕಾಣುತ್ತೆ ಅಷ್ಟೇ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಅಕ್ಷರ ಇಡುತ್ತದೆ, ಲಿನಕ್ಸ್ ಒಂದೇ ಇಡುತ್ತದೆ. ಹೆಚ್ಚಿಗೆ ಬಂದ ಆ ಒಂದು ಅಕ್ಷರವನ್ನು ಬ್ಯಾಶ್ ಕಮಾಂಡ್ ಅಂದುಕೊಂಡು ಹುಡುಕುತ್ತಿದೆ. ‘ಪಿಕೆಜಿ ಇನ್‌ಸ್ಟಾಲ್ ಡಾಸ್2ಯುನಿಕ್ಸ್’ ಮಾಡಿ (ಪಿಕೆಜಿ ಅಂದರೆ ಟರ್ಮಕ್ಸ್‌ಗೆ ಹೊಸ ಪ್ರೋಗ್ರಾಂ ತಂದುಕೊಡುವ ಕಮಾಂಡ್), ಆಮೇಲೆ ‘ಡಾಸ್2ಯುನಿಕ್ಸ್’ ಮುಂದೆ ಫೈಲ್ ಹೆಸರು ಕೊಟ್ಟರೆ ಸಾಲುಗಳ ಬಾಲ ಕತ್ತರಿಸಿಹೋಗುತ್ತದೆ.

ಹೊಸಬ:
ವಿಂಡೋಸೇ ಅಂತೆ, ಕೇಳಿದೆ 😅 ಆದರೆ ಪಿಕೆಜಿ ಕೆಲಸ ಮಾಡ್ತಿಲ್ಲ. ‘ರೆಪಾಸಿಟರಿ ಈಸ್ ಅಂಡರ್ ಮೆಂಟೆನೆನ್ಸ್ ಆರ್ ಡೌನ್’ ಅಂತ ಬರುತ್ತೆ. ನೆಟ್ ಚೆನ್ನಾಗೇ ಇದೆ.

ಕೀಬೋರ್ಡ್ ಪ್ರೇಮಿ:
ಮಧ್ಯೆ ಬಾಯಿ ಹಾಕ್ತೀನಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟರ್ಮಕ್ಸ್ ತೆರೆದು ಆವೃತ್ತಿ ಸಂಖ್ಯೆ ಎಷ್ಟಿದೆ ನೋಡಿ ಹೇಳಿ.

ಹೊಸಬ:
0.101. ಹಳೇ ಫೋನಿನಿಂದ ಆ್ಯಪ್ ವರ್ಗಾಯಿಸಿಕೊಂಡಿದ್ದೆ.

ಕೀಬೋರ್ಡ್ ಪ್ರೇಮಿ:
ಅದೇ ರೋಗ. ಅದು 2020ರ ಕಾಲದ್ದು. ಆಂಡ್ರಾಯ್ಡ್ 10ರ ನಂತರ, ಆ್ಯಪ್ ತಾನೇ ತಂದುಕೊಂಡ ಪ್ರೋಗ್ರಾಂಗಳನ್ನು ತನ್ನ ಫೋಲ್ಡರ್‌ನಿಂದ ಓಡಿಸಬಾರದು ಅಂತ ನಿಯಮ ಬಿಗಿಯಾಯಿತು, ಟರ್ಮಕ್ಸ್‌ನ ಬದುಕೇ ಅದು. ಹಾಗಾಗಿ ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ನಿಂತುಹೋಯಿತು. ಹಳೇ ಆವೃತ್ತಿ ಪ್ಯಾಕೇಜ್ ತರುತ್ತಿದ್ದ ಬಿನ್‌ಟ್ರೇ ಕೂಡ 2021ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ನಿಮ್ಮ ಪಿಕೆಜಿ ಮುಚ್ಚಿದ ಬಾಗಿಲು ತಟ್ಟುತ್ತಾ ಕೂತಿದೆ.

ಎಫ್‌-ಡ್ರಾಯ್ಡ್‌ನಿಂದ (ಮುಕ್ತ ಆ್ಯಪ್‌ಗಳ ಅಂಗಡಿ) ಹೊಸದು ಹಾಕಿಕೊಳ್ಳಿ. ಹಳೆಯದರ ಮೇಲೆ ಹಾಕೋಕೆ ಆಗಲ್ಲ, ಆ್ಯಪ್ ಒಳಗಿರುವ ಡಿಜಿಟಲ್ ಸಹಿ ಬೇರೆ. ಮೊದಲು ಹಳೆಯದನ್ನು ತೆಗೆಯಬೇಕು. ತೆಗೆಯುವ ಮುಂಚೆ ಹೋಮ್‌ನಲ್ಲಿ ಇರುವುದನ್ನೆಲ್ಲ ಡೌನ್‌ಲೋಡ್ಸ್‌ಗೆ ಕಾಪಿ ಮಾಡಿಕೊಳ್ಳಿ, ಆ್ಯಪ್ ಹೋದರೆ ಹೋಮ್ ಪೂರ್ತಿ ಅದರ ಜೊತೆಗೇ ಹೋಗುತ್ತದೆ. ಹೊಸದು ಬಂದ ಮೇಲೆ ‘ಟರ್ಮಕ್ಸ್ ಸೆಟಪ್ ಸ್ಟೋರೇಜ್’ (ಮೂರೂ ಪದದ ನಡುವೆ ಹೈಫನ್), ಆಮೇಲೆ ‘ಪಿಕೆಜಿ ಅಪ್‌ಗ್ರೇಡ್’. ನಡುವೆ ವೈ, ಎನ್ ಅಂತೆಲ್ಲ ಪಟ್ಟಿ ತೋರಿಸಿ ನಿಂತರೆ ಹ್ಯಾಂಗ್ ಆಗಿದೆ ಅಂದುಕೊಳ್ಳಬೇಡಿ, ಎಂಟರ್ ಒತ್ತಿ.

ಕರ್ಸರ್:
ಓಡಿಸುವ ಮುಂಚೆ ಇನ್ನೊಂದು ಮಾತು. ಸ್ಕ್ರಿಪ್ಟ್ ಫೋಟೋಗಳನ್ನು ಕಾಪಿ ಮಾಡುತ್ತಾ, ಸಾಗಿಸುತ್ತಾ? ‘ಎಂವಿ’ ಅಂತಿದ್ದರೆ ಸಾಗಿಸುತ್ತೆ. ಇಲ್ಲಿ ಅನ್‌ಡೂ ಇಲ್ಲ. ನ್ಯಾನೋದಲ್ಲಿ (ಟರ್ಮಿನಲ್ ಒಳಗೇ ಫೈಲ್ ತಿದ್ದುವ ಪ್ರೋಗ್ರಾಂ) ಫೈಲ್ ತೆರೆದು ಎಂವಿಗಿಂತ ಮೊದಲು, ಅದರ ಎಡಕ್ಕೆ ‘ಎಕೋ’ ಅಂತ ಸೇರಿಸಿ, ಒಂದು ಸ್ಪೇಸ್ ಬಿಡಿ. ವಾಲ್ಯೂಮ್ ಕಡಿಮೆ ಮಾಡುವ ಬಟನ್ ಇಲ್ಲಿ ಕಂಟ್ರೋಲ್ ಕೀ ಆಗಿ ಕೆಲಸ ಮಾಡುತ್ತದೆ. ಅದನ್ನು ಒತ್ತಿ ಹಿಡಿದು ಓ, ಎಂಟರ್, ಮತ್ತೆ ಹಿಡಿದು ಎಕ್ಸ್. ಉಳಿಸಿ ಹೊರಬಂದಂತೆ. ಈಗ ಓಡಿಸಿದರೆ ಯಾವ ಫೋಟೋ ಎಲ್ಲಿಗೆ ಹೋಗುತ್ತಿತ್ತು ಅಂತ ಬರೀ ಬಾಯಲ್ಲಿ ಹೇಳುತ್ತೆ, ಒಂದನ್ನೂ ಮುಟ್ಟಲ್ಲ. ಪಟ್ಟಿ ನೋಡಿ ಸಮಾಧಾನ ಆದಮೇಲೆ ಎಕೋ ತೆಗೆಯಿರಿ.

ಹೊಸಬ:
ಎಲ್ಲ ಹೇಳಿದ ಹಾಗೇ ಮಾಡಿದೆ. ಎಕೋ ಹಾಕಿದ್ದು ಒಳ್ಳೇದೇ ಆಯ್ತು, ಗೆಳೆಯ ಕ್ಯಾಮೆರಾ ಫೋಲ್ಡರ್ ಹೆಸರು ತಪ್ಪು ಬರೆದಿದ್ದ, ಸರಿ ಮಾಡಿದೆ. ನಿಜವಾಗಿ ಓಡಿಸಿ ಫೋನ್ ಪಕ್ಕಕ್ಕಿಟ್ಟು ಬಂದು ನೋಡಿದರೆ ‘ಪ್ರೋಸೆಸ್ ಕಂಪ್ಲೀಟೆಡ್, ಸಿಗ್ನಲ್ 9’ ಅಂತಿದೆ. ಅರ್ಧಂಬರ್ಧ ಆಗಿದೆ. ಫೋಟೋ ಹೋಯ್ತಾ?

ಕೀಬೋರ್ಡ್ ಪ್ರೇಮಿ:
ಹೋಗಿಲ್ಲ. ಹೆಸರು ಕಂಪ್ಲೀಟೆಡ್, ಆದರೆ ಅದು ಮುಗಿದದ್ದಲ್ಲ, ಆಂಡ್ರಾಯ್ಡ್ ಕತ್ತು ಹಿಸುಕಿದ್ದು. 12ನೇ ಆವೃತ್ತಿಯಿಂದ ಆ್ಯಪ್‌ಗಳು ಹುಟ್ಟುಹಾಕಿದ ಮರಿ ಪ್ರೋಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಮೇಲೆ ಕಣ್ಣಿಟ್ಟಿರುತ್ತದೆ. ಎಲ್ಲ ಆ್ಯಪ್ ಸೇರಿ 32 ದಾಟಿದರೂ ಕೊಲ್ಲುತ್ತೆ, ಹಿನ್ನೆಲೆಯಲ್ಲಿ ಜಾಸ್ತಿ ಸಿಪಿಯು ತಿಂದರೂ ಕೊಲ್ಲುತ್ತೆ. ನಿಮ್ಮದು 14, ಆದ್ದರಿಂದ ಡೆವಲಪರ್ ಆಪ್ಶನ್ಸ್‌ನಲ್ಲಿ ‘ಡಿಸೇಬಲ್ ಚೈಲ್ಡ್ ಪ್ರೋಸೆಸ್ ರಿಸ್ಟ್ರಿಕ್ಷನ್ಸ್’ ಇದೆಯಾ ನೋಡಿ ಆನ್ ಮಾಡಿ. ಟರ್ಮಕ್ಸ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ನೋಟಿಫಿಕೇಶನ್‌ನಲ್ಲಿ ‘ಅಕ್ವೈರ್ ವೇಕ್‌ಲಾಕ್’ (ಫೋನ್ ನಿದ್ದೆಗೆ ಜಾರದಂತೆ ತಡೆಯುವುದು) ಒತ್ತಿ. ಮತ್ತೆ ಓಡಿಸಿ. ಆಗಲೇ ಸರಿದದ್ದು ಸರಿದಿದೆ, ಉಳಿದದ್ದು ಹೋಗುತ್ತದೆ.

ಹೊಸಬ:
ಮುಗೀತು! ಈ ಸಲ ಪೂರ್ತಿ. ಒಂದೇ ಅನುಮಾನ: 1970 ಅಂತ ಒಂದು ಫೋಲ್ಡರ್ ಬಂದಿದೆ, ಒಳಗೆ 11 ಫೋಟೋ. ನಮ್ಮಪ್ಪನಿಗೇ ಆಗ ಫೋಟೋ ತೆಗೆಯುವ ವಯಸ್ಸಲ್ಲ.

ಕರ್ಸರ್:
ಯುನಿಕ್ಸ್ ಗಡಿಯಾರ ಶುರುವಾಗುವುದು 1970ರ ಜನವರಿ 1ಕ್ಕೆ. ಎಲ್ಲಿಂದ ಎಲ್ಲಿಗೋ ಹೋಗಿ ಬರುವಾಗ ತಾರೀಕು ಕಳೆದುಕೊಂಡ ಫೈಲುಗಳ ಲೆಕ್ಕ ಸೊನ್ನೆಗೆ ಬಂದು, ಎಲ್ಲ ಅಲ್ಲಿ ಬಿದ್ದಿರುತ್ತವೆ. ‘ಪಿಕೆಜಿ ಇನ್‌ಸ್ಟಾಲ್ ಎಕ್ಸಿಫ್‌ಟೂಲ್’ ಮಾಡಿ ಒಂದು ಫೋಟೋ ಮೇಲೆ ಪ್ರಯೋಗಿಸಿ, ಒಳಗೆ ಕ್ಯಾಮೆರಾ ಬರೆದ ತಾರೀಕು ಇದ್ದರೆ ತೋರಿಸುತ್ತೆ. ಚಾಟ್ ಆ್ಯಪ್‌ನಲ್ಲಿ ಬಂದ ಫೋಟೋ ಆದರೆ ಅದೂ ಸಾಮಾನ್ಯವಾಗಿ ಇರಲ್ಲ. ಹನ್ನೊಂದೇ ತಾನೇ, ಮುಖ ನೋಡಿ ಕೈಯಲ್ಲೇ ಹಾಕಿಬಿಡಿ.